ಫಾರಿನ್ ಜಾತ್ರೆಯಲ್ಲಿ ನಮ್ಮದೊಂದು ಅಂಗಡಿ

ಪ್ರತೀ ವರ್ಷ ಪೇಪರಿನಲ್ಲಿ ಇಂಥದ್ದೊಂದು ಫೋಟೋ ಬಂದೇ ಬರುತ್ತೆ. ನೀವೂ ನೋಡಿರ್ತೀರ. ಹೊರದೇಶದ ಯಾವುದೋ ದೊಡ್ಡ ಮೇಳ, ಹಿಂದೆ ತ್ರಿವರ್ಣದ ಪೆವಿಲಿಯನ್, ಮುಂದೆ ರಿಬ್ಬನ್, ಕತ್ತರಿ ಹಿಡಿದ ಗಣ್ಯರು, ಪಕ್ಕದಲ್ಲಿ ಹೊಸ ಕೋಟು ಹಾಕ್ಕೊಂಡು ನಿಂತ ಆರೇಳು ಸಣ್ಣ ಕಂಪನಿಗಳ ಮಾಲೀಕರು. ಕೆಳಗೆ ಒಂದು ಸಾಲು: ವಿಶ್ವ ಮಾರುಕಟ್ಟೆಯಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿಗಳ ಮಿಂಚು! ಆ ಫೋಟೋದಲ್ಲಿ ಕಾಣದ ಒಬ್ಬ ಮನುಷ್ಯ ಇರ್ತಾನೆ. ಸ್ಟಾಲಿನ ಒಳಗೆ ಮಂಡಿಯೂರಿ ಟಿವಿಯ ವೈರಿಗೆ ಪ್ಲಗ್ ಪಾಯಿಂಟ್ ಹುಡುಕ್ತಾ ಇರೋನು. ಅದು ನಾನು.

ನಾನು ಮಾಲೀಕನಲ್ಲ. ಬೆಂಗಳೂರಿನ ಜಯನಗರದ ಒಂದು ಮಹಡಿ ಮನೆಯಲ್ಲಿ ಹನ್ನೆರಡು ಜನ ಕೂತು ಕೆಲಸ ಮಾಡುವ ಕಂಪನಿಯಲ್ಲಿ ಎಂಟು ವರ್ಷ ದುಡಿದವನು. ನರ್ಸಿಂಗ್ ಹೋಮ್‌ಗಳಿಗೆ ಬೇಕಾದ ಸಾಫ್ಟ್‌ವೇರ್ ನಮ್ಮದು. ರೋಗಿ ದಾಖಲಾಗುವುದರಿಂದ ಹಿಡಿದು ಡಿಸ್ಚಾರ್ಜ್ ಬಿಲ್ಲಿನ ತನಕ, ಮೆಡಿಕಲ್ ಶಾಪಿನ ಸ್ಟಾಕ್, ಲ್ಯಾಬ್ ರಿಪೋರ್ಟು, ಎಲ್ಲಾ ಅದರಲ್ಲೇ. ದೊಡ್ಡ ಹೆಸರೇನಲ್ಲ, ಆದರೆ ಹಾಸನ, ದಾವಣಗೆರೆ, ತುಮಕೂರು ಕಡೆ ಒಳ್ಳೆಯ ಗಿರಾಕಿಗಳಿದ್ದರು. 2023ರಲ್ಲಿ ದುಬೈನ ಒಂದು ದೊಡ್ಡ ಮೇಳಕ್ಕೆ ನಮ್ಮನ್ನು ಒಂದು ಸಂಘದವರು ಕರ್ಕೊಂಡು ಹೋದರು. ಮೇಳದ ಹೆಸರೂ ಬೇಡ, ಸಂಘದ ಹೆಸರೂ ಬೇಡ. ಆಮೇಲೆ ಸಿಂಗಪುರ, ಜರ್ಮನಿ, ಲಂಡನ್ ಮೇಳಗಳಿಗೆ ಹೋಗಿ ಬಂದ ಹತ್ತಾರು ಸಣ್ಣ ಕಂಪನಿಯವರ ಹತ್ತಿರ ಕೂತು ಕಾಫಿ ಕುಡಿದಿದ್ದೇನೆ. ಊರು ಬೇರೆ, ಕಥೆ ಒಂದೇ.

ಹಾಗಾಗಿ ಸುತ್ತಿ ಬಳಸಿ ಹೇಳೋದಿಲ್ಲ. ಹತ್ತು ಹದಿನೈದು ಜನರ ಸಾಫ್ಟ್‌ವೇರ್ ಕಂಪನಿ ಹೊರದೇಶದ ಮೇಳದಲ್ಲಿ ಸ್ಟಾಲ್ ಹಾಕಬಾರದು. ಸರ್ಕಾರ ಅದಕ್ಕೆ ಸಬ್ಸಿಡಿ ಕೊಡುವುದನ್ನು ನಿಲ್ಲಿಸಬೇಕು. ಯಾಕೆ ಅಂತ ಲೆಕ್ಕದಿಂದಲೇ ಶುರು ಮಾಡೋಣ. ನಮ್ಮಲ್ಲಿ ಈ ವಿಷಯಕ್ಕೆ ಭಾಷಣ ಮಾಡುವವರು ತುಂಬಾ ಇದ್ದಾರೆ, ಲೆಕ್ಕ ಹೇಳುವವರೇ ಇಲ್ಲ.

ನಮಗೆ ಸಿಕ್ಕಿದ್ದು 9 ಚದರ ಮೀಟರ್. ಮೂರು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ರಿಯಾಯಿತಿ ಕಳೆದು ಬಾಡಿಗೆ 4.20 ಲಕ್ಷ. ಮೂರು ಜನರ ವಿಮಾನ, ವೀಸಾ, ವಿಮೆ 1.35 ಲಕ್ಷ. ಹೋಟೆಲ್, ಊಟ, ಟ್ಯಾಕ್ಸಿ 1.60 ಲಕ್ಷ. (ಮೇಳದ ವಾರ ಬಂತು ಅಂದ್ರೆ ಆ ಊರಿನ ಹೋಟೆಲ್ ರೇಟು ನಮ್ಮ ದಸರಾ ಸಮಯದ ಮೈಸೂರಿನ ಥರ ಏರಿರುತ್ತೆ.) ಹಿಂದಿನ ಗೋಡೆಯ ಬ್ಯಾನರ್, ಟಿವಿ ಬಾಡಿಗೆ, ಕರೆಂಟು, ಇಂಟರ್ನೆಟ್ 95 ಸಾವಿರ. ಕರಪತ್ರ, ಪೆನ್ನು, ಬಟ್ಟೆ ಚೀಲ 40 ಸಾವಿರ. ಒಟ್ಟು 8.50 ಲಕ್ಷ. ನಾಲ್ಕು ದಿನಕ್ಕೆ ಆ ಟಿವಿಗೆ ಕೊಟ್ಟ ಬಾಡಿಗೆಯಲ್ಲಿ ಎಸ್‌ಪಿ ರೋಡಿನಲ್ಲಿ ಅಂಥದ್ದೇ ಟಿವಿ ಕೊಂಡು ಮನೆಗೆ ತರಬಹುದಿತ್ತು. ಕುರ್ಚಿಗೆ ಬೇರೆ ಬಾಡಿಗೆ, ಕಸದ ಬುಟ್ಟಿಗೆ ಬೇರೆ ಬಾಡಿಗೆ!

8.50 ಲಕ್ಷ ಅಂದ್ರೆ ಇನ್ಫೋಸಿಸ್‌ನಂಥವರಿಗೆ ಒಂದು ಮಧ್ಯಾಹ್ನದ ಕಾಫಿ ಖರ್ಚು ಇರಬಹುದು. ನಮ್ಮಂಥ ಕಂಪನಿಗೆ ಅದು ಇಬ್ಬರು ಹೊಸ ಹುಡುಗರ ಒಂದು ವರ್ಷದ ಸಂಬಳ. ಆ ವರ್ಷ ನಮ್ಮಲ್ಲಿ ಯಾರಿಗೂ ಇನ್‌ಕ್ರಿಮೆಂಟ್ ಆಗಲಿಲ್ಲ. ಇಬ್ಬರು ಬಿಟ್ಟು ಹೋದರು. ಅದರಲ್ಲಿ ಒಬ್ಬಳು, ಗಿರಾಕಿಗಳ ಫೋನೆಲ್ಲಾ ತಾನೇ ಎತ್ತುತ್ತಿದ್ದ ಹುಡುಗಿ. ಅವಳ ಹೆಸರು ಹೇಳಿದರೆ ದಾವಣಗೆರೆಯ ಡಾಕ್ಟರು ಬೈಯೋದನ್ನು ನಿಲ್ಲಿಸ್ತಿದ್ದರು. ಅವಳು ಕೇಳಿದ್ದು ತಿಂಗಳಿಗೆ ಎರಡೂವರೆ ಸಾವಿರ ಜಾಸ್ತಿ, ಅಷ್ಟೇ.

ಸರಿ, ಖರ್ಚಾಯ್ತು. ಬಂದಿದ್ದೇನು?

ನಾಲ್ಕು ದಿನದಲ್ಲಿ 212 ಜನರ ಬ್ಯಾಡ್ಜ್ ಸ್ಕ್ಯಾನ್ ಮಾಡಿದ್ವಿ. ಮೇಳದ ಭಾಷೆಯಲ್ಲಿ ಇದಕ್ಕೆ ಲೀಡ್ ಅಂತಾರೆ. ಊರಿಗೆ ವಾಪಸ್ ಬಂದು ಒಂದೊಂದಾಗಿ ಬಿಡಿಸಿ ನೋಡಿದ್ದು ನಾನೇ. 74 ಜನ ನಮ್ಮ ಹಾಗೇ ಏನಾದರೂ ಮಾರೋಕೆ ಬಂದವರು, ಅಂದರೆ ಅಕ್ಕಪಕ್ಕದ ಸ್ಟಾಲಿನವರು. 51 ಜನ ಕೆಲಸ ಹುಡುಕುತ್ತಿದ್ದವರು, ಬಯೋಡೇಟಾ ಕೊಟ್ಟು ಹೋದರು. ಪಾಪ, ಅದರಲ್ಲಿ ಮಂಗಳೂರು ಕಡೆಯವರೂ ಇದ್ದರು, ಕನ್ನಡ ಕೇಳಿ ನಿಂತು ಮಾತಾಡಿದರು. 38 ಜನ ಮುಂದಿನ ಮೇಳದ ಸ್ಟಾಲ್ ಮಾರುವವರು, ಪತ್ರಿಕೆಯಲ್ಲಿ ಸಂದರ್ಶನ ಮಾರುವವರು, "ವರ್ಷದ ಅತ್ಯುತ್ತಮ ಕಂಪನಿ" ಪ್ರಶಸ್ತಿ ಮಾರುವವರು. ಹೌದು ಸ್ವಾಮಿ, ಪ್ರಶಸ್ತಿಗೂ ರೇಟ್ ಕಾರ್ಡ್ ಇರುತ್ತೆ, ಡಿನ್ನರ್ ಟೇಬಲ್ ಸಮೇತ. 33 ಜನ ಪೆನ್ನು, ಚೀಲಕ್ಕೆ ಬಂದವರು. ಉಳಿದ 16 ಜನ ಮಾತ್ರ ನಿಜವಾಗಿ ಆಸ್ಪತ್ರೆಗೆ ಸಂಬಂಧಪಟ್ಟವರು. ಅದರಲ್ಲಿ 9 ಜನ ನಮ್ಮ ಮೇಲ್‌ಗೆ ಉತ್ತರ ಬರೆದರು, 3 ಜನ ಡೆಮೋ ನೋಡಿದರು, ಆರ್ಡರ್ ಕೊಟ್ಟವರು ಸೊನ್ನೆ.

ಇದರಲ್ಲಿ ದುರಾದೃಷ್ಟ ಏನೂ ಇಲ್ಲ. ಮೇಳದ ಸ್ವಭಾವವೇ ಹಾಗೆ. ನಮ್ಮ ಊರ ಜಾತ್ರೆ ನೆನಪು ಮಾಡ್ಕೊಳ್ಳಿ. ಬೆಂಡು ಬತ್ತಾಸು ಮಾರುವವನು ಸುಂಕ ಕಟ್ಟಿ ಅಂಗಡಿ ಹಾಕ್ತಾನೆ, ಸಂಜೆ ಗಲ್ಲಾ ಎಣಿಸ್ತಾನೆ, ಗಿಟ್ಟದಿದ್ದರೆ ಮುಂದಿನ ವರ್ಷ ಬರಲ್ಲ. ಜಾತ್ರೆಗೆ ಬಂದವರು ತಿನ್ನೋಕೆ, ಕೊಳ್ಳೋಕೇ ಬಂದಿರ್ತಾರೆ. ಈ ಮೇಳಗಳಲ್ಲಿ ನಿಜವಾದ ಗಿರಾಕಿ ಯಾರು ಗೊತ್ತಾ? ಸ್ಟಾಲ್ ಹಾಕಿದವನು! ಮೇಳ ನಡೆಸುವವರ ಮುಖ್ಯ ಆದಾಯವೇ ಚದರ ಮೀಟರ್ ಲೆಕ್ಕದ ಜಾಗ. ಅವರು ನಿಮಗೆ ಗಿರಾಕಿಗಳನ್ನು ಕೊಡ್ತೀನಿ ಅಂತ ಎಲ್ಲೂ ಬರೆದು ಕೊಟ್ಟಿಲ್ಲ. ಕೊಟ್ಟಿದ್ದು ಜಾಗ, ಬೆಳಕು, ಕಾರ್ಪೆಟ್ಟು. ಜಾಗ ಮಾರಾಟ ಆದ ಕ್ಷಣಕ್ಕೆ ಅವರ ವ್ಯಾಪಾರ ಮುಗೀತು. ನಿಮ್ಮ ವ್ಯಾಪಾರ ಶುರುವಾಗುತ್ತೋ ಇಲ್ವೋ ಅದು ನಿಮ್ಮ ಹಣೆಬರಹ.

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಥರದ ಮೇಳಗಳು ಹುಟ್ಟಿದ್ದು ಯಂತ್ರಗಳಿಗೆ. ಜರ್ಮನಿಯ ಹ್ಯಾನೋವರ್ ಮೇಳ ಶುರುವಾಗಿದ್ದು 1947ರಲ್ಲಿ, ಯುದ್ಧದಲ್ಲಿ ನೆಲ ಕಚ್ಚಿದ ದೇಶ ಮತ್ತೆ ರಫ್ತು ಮಾಡೋಕೆ. ಅಲ್ಲಿಗೆ ಬಂದವನು ಲೇತ್ ಮಿಷನ್ ಮುಟ್ಟಿ ನೋಡಬಹುದಿತ್ತು, ಓಡಿಸಿ ನೋಡಬಹುದಿತ್ತು. ಬೇರೆ ದಾರಿಯೇ ಇರಲಿಲ್ಲ, ಮೂರು ಟನ್ ಮಿಷನ್ನನ್ನು ಪೋಸ್ಟಿನಲ್ಲಿ ಕಳಿಸೋಕಾಗುತ್ತಾ? ಆ ಮೇಳ ಈಗಲೂ ನಡೀತಿದೆ, ನಡೀಲಿ. 2015ರಲ್ಲಿ ಭಾರತವೇ ಅದರ ಪಾಲುದಾರ ದೇಶವಾಗಿತ್ತು. ಆದರೆ ಅದೇ ಹ್ಯಾನೋವರ್‌ನಲ್ಲಿ ಕಂಪ್ಯೂಟರಿಗೆ ಅಂತಲೇ 1986ರಲ್ಲಿ ಬೇರೆ ಮಾಡಿದ ಸೆಬಿಟ್ ಮೇಳದ ಗತಿ ಏನಾಯ್ತು? 2001ರ ಹೊತ್ತಿಗೆ ಎಂಟು ಲಕ್ಷಕ್ಕೂ ಹೆಚ್ಚು ಜನ ಬರುತ್ತಿದ್ದರು. 2018ರಲ್ಲಿ ಅದು ಸುಮಾರು 1.2 ಲಕ್ಷಕ್ಕೆ ಇಳೀತು. ಅದೇ ವರ್ಷ ನವೆಂಬರ್‌ನಲ್ಲಿ ಬಾಗಿಲು ಹಾಕಿದರು. ಅಮೆರಿಕದ ಲಾಸ್ ವೇಗಸ್‌ನಲ್ಲಿ 1979ರಿಂದ ಮೆರೆದ ಕಾಮ್‌ಡೆಕ್ಸ್ 2003ರಲ್ಲೇ ಕೊನೆ ಉಸಿರೆಳೆದಿತ್ತು. ಕಂಪ್ಯೂಟರ್ ಪ್ರಪಂಚದ ಅತಿ ದೊಡ್ಡ ಜಾತ್ರೆಗಳಿಗೇ ಹೀಗಾಗಿದೆ. ಸಾಫ್ಟ್‌ವೇರ್ ಕೊಳ್ಳುವವನು ತನ್ನ ಕುರ್ಚಿಯಲ್ಲೇ ಕೂತು ಡೆಮೋ ನೋಡ್ತಾನೆ, ಒಂದು ತಿಂಗಳು ಬಳಸಿ ನೋಡ್ತಾನೆ. ಅವನಿಗೆ ನಿಮ್ಮ ಬ್ಯಾನರ್ ಯಾಕೆ ಬೇಕು?

ಇನ್ನೊಂದು ಮಾತು. ನಮ್ಮ ಥರದ ಸಾಫ್ಟ್‌ವೇರ್ ಮಾರಾಟವಾಗೋದು ಸ್ಟಾಲಿನಲ್ಲಿ ಅಲ್ಲ, ಆ ದೇಶದ ಕಾನೂನಿನಲ್ಲಿ. ಯುಎಇಯಲ್ಲಿ ಆರೋಗ್ಯ ಮಾಹಿತಿಗೆ ಅಂತಲೇ 2019ರಲ್ಲಿ ಒಂದು ಫೆಡರಲ್ ಕಾನೂನು ಬಂತು. ಕೆಲವು ವಿನಾಯಿತಿ ಬಿಟ್ಟರೆ ರೋಗಿಗಳ ಮಾಹಿತಿಯನ್ನು ದೇಶದ ಹೊರಗೆ ಇಡುವ ಹಾಗಿಲ್ಲ. ದುಬೈಗೆ ನಬಿದ್, ಅಬುಧಾಬಿಗೆ ಮಲಾಫಿ ಅಂತ ಆಸ್ಪತ್ರೆಗಳ ದಾಖಲೆ ಜೋಡಿಸುವ ವ್ಯವಸ್ಥೆಗಳಿವೆ, ಅವುಗಳ ಜತೆ ನಿಮ್ಮ ಸಾಫ್ಟ್‌ವೇರ್ ಮಾತಾಡಬೇಕು. ವಿಮೆಯ ಕ್ಲೇಮು ಅವರ ಪದ್ಧತಿಯಲ್ಲೇ ಹೋಗಬೇಕು. ಬಲದಿಂದ ಎಡಕ್ಕೆ ಬರೆಯುವ ಅರೇಬಿಕ್ ಬೇಕು. ನಮ್ಮ ಸರ್ವರ್ ಇದ್ದದ್ದು ಮುಂಬೈಯಲ್ಲಿ. ಆ 16 ಜನರಲ್ಲಿ ಬಹುತೇಕರು ಕೇಳಿದ್ದು ಈ ನಾಲ್ಕೇ ಪ್ರಶ್ನೆ. ಅದರ ಉತ್ತರ ಬರೆದು ಹೋಗುವ ಎರಡು ತಿಂಗಳ ಮೊದಲೇ ನಾನು ಮೇಲ್ ಕಳಿಸಿದ್ದೆ. ಜಯನಗರದಲ್ಲಿ ಕೂತು ಒಂದು ಮಧ್ಯಾಹ್ನದಲ್ಲಿ ಹುಡುಕಿದ ಮಾಹಿತಿ ಅದು, ಖರ್ಚು ಎರಡು ಲೋಟ ಟೀ. "ಅಲ್ಲಿ ಹೋದ್ಮೇಲೆ ನೋಡೋಣ" ಅಂದರು. ಹೋದ್ಮೇಲೂ ಕಾನೂನು ಅದೇ ಇತ್ತು!

ಎರಡನೇ ದಿನ ಬೆಳಿಗ್ಗೆ ದಾವಣಗೆರೆಯ ನರ್ಸಿಂಗ್ ಹೋಮಿನಿಂದ ಫೋನ್ ಬಂತು. ಅಲ್ಲಿ ನಮಗಿಂತ ಒಂದೂವರೆ ಗಂಟೆ ಮುಂದೆ, ಡಿಸ್ಚಾರ್ಜ್ ಸಮಯ. ಬಿಲ್ಲು ಪ್ರಿಂಟ್ ಆಗ್ತಿಲ್ಲ. ರಿಸೆಪ್ಷನ್ನಿನಲ್ಲಿ ಕೂರುವ ಹೆಣ್ಣುಮಗಳು ಗಾಬರಿಯಾಗಿದ್ದಳು. "ಸರ್, ಬಾಣಂತಿ ಕೂಸು ಎತ್ಕೊಂಡು ಒಂದು ತಾಸಿಂದ ಕೂತಾರ, ಅವರ ಮನೆಯವರು ಬೈತಾ ಇದಾರ್ರಿ." ಇದನ್ನು ಸರಿ ಮಾಡಬಲ್ಲ ಇಬ್ಬರೂ ದುಬೈನಲ್ಲಿದ್ವಿ. ನನ್ನ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಯಾರಿಗೋ ಕೊಡ್ತಾ ಇದ್ದ ಪೆನ್ನು. ಮೇಳದ ಇಂಟರ್ನೆಟ್ಟು ಆ ಹೊತ್ತಿಗೆ ಸರಿಯಾಗಿ ಕೈ ಕೊಟ್ಟಿತ್ತು. ಕೊನೆಗೆ ಅವರು ಕೈಯಲ್ಲೇ ಬಿಲ್ಲು ಬರೆದು ಕಳಿಸಿದರು. ಈಗ ಹೇಳಿ, ಆ ಹೊತ್ತಿನಲ್ಲಿ ನಮ್ಮ ಕಂಪನಿಯ ಮಾರುಕಟ್ಟೆ ಎಲ್ಲಿತ್ತು? ಆ ಪೆನ್ನು ಈಸ್ಕೊಂಡವನ ಹತ್ತಿರವೋ, ವರ್ಷಾ ವರ್ಷ ತಪ್ಪದೆ ದುಡ್ಡು ಕಟ್ಟುವ ದಾವಣಗೆರೆಯಲ್ಲೋ? ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಈ ಮಾತು ಎಲ್ಲಿ ಎತ್ತಿದರೂ ಮೂರು ಉತ್ತರ ರೆಡಿ ಇರುತ್ತೆ.

ಮೊದಲನೇದು: "ಒಂದೇ ಒಂದು ಆರ್ಡರ್ ಸಿಕ್ಕರೆ ಎಲ್ಲಾ ವಸೂಲು ಕಣ್ರೀ." ಲಾಟರಿ ಟಿಕೆಟ್ ಮಾರುವವನೂ ಇದನ್ನೇ ಹೇಳ್ತಿದ್ದ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧ ಆಯ್ತು, ಈ ಲಾಟರಿಗೆ ಮಾತ್ರ ಸಬ್ಸಿಡಿ.

ಎರಡನೇದು: "ಬ್ರ್ಯಾಂಡ್ ಬೆಳೀಬೇಕಲ್ಲ, ಕಾಣಿಸಿಕೊಳ್ಳಬೇಕಲ್ಲ." ಯಾರಿಗೆ ಕಾಣಿಸಬೇಕು? ಸಾವಿರಾರು ಸ್ಟಾಲುಗಳ ನಡುವೆ, ಕಾಫಿ ಮಿಷನ್, ರೋಬೋಟು, ಹಾಡು ಕುಣಿತ ಇಟ್ಟ ದೊಡ್ಡ ಕಂಪನಿಗಳ ಹಿಂದೆ, ಟಾಯ್ಲೆಟ್ಟಿಗೆ ಹೋಗುವ ದಾರಿಯಲ್ಲಿ ಮೂರು ಮೀಟರ್ ಜಾಗ. ಅಲ್ಲಿ ಕಾಣಿಸಿಕೊಳ್ಳೋದು ಅಂದ್ರೆ ಮೆಜೆಸ್ಟಿಕ್‌ನಲ್ಲಿ ನಿಂತು ಪಿಸುಗುಟ್ಟಿದ ಹಾಗೆ. ನಿಜ ಹೇಳಬೇಕಂದ್ರೆ ಆ ಸ್ಟಾಲ್ ಕಾಣಿಸೋದು ಊರಿನವರಿಗೆ. ಫೇಸ್‌ಬುಕ್ಕಿನಲ್ಲಿ, ಲಿಂಕ್ಡ್‌ಇನ್‌ನಲ್ಲಿ, ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ. ಒಂದು ಫೋಟೋಗೆ 8.50 ಲಕ್ಷ ದುಬಾರಿ ಆಯ್ತಲ್ಲವಾ?

ಮೂರನೇದು ಸ್ವಲ್ಪ ತೂಕ ಇರುವ ಮಾತು: "ಹೋದರೆ ಕಲೀತೀವಿ, ಪ್ರಪಂಚ ಎಲ್ಲಿದೆ ಅಂತ ಗೊತ್ತಾಗುತ್ತೆ." ಇದನ್ನು ಪೂರ್ತಿ ಒಪ್ತೀನಿ. ಆದರೆ ಕಲಿಯೋಕೆ ಸ್ಟಾಲ್ ಯಾಕೆ? ಸ್ಟಾಲ್ ಹಾಕಿದವನು ಕಲಿಯೋದೇ ಇಲ್ಲ, ಅವನು ಬೆಳಿಗ್ಗೆಯಿಂದ ಸಂಜೆವರೆಗೂ ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ಅಲ್ಲೇ ನಿಂತಿರಬೇಕು. ನೋಡೋಕೆ ಬಂದವನು ಕೈ ಬೀಸ್ಕೊಂಡು ನಾಲ್ಕೂ ಹಾಲ್ ಸುತ್ತುತ್ತಾನೆ, ಪೈಪೋಟಿಯವರ ಡೆಮೋ ನೋಡ್ತಾನೆ, ಪ್ರಶ್ನೆ ಕೇಳ್ತಾನೆ. ಕಲಿಯುವವನಿಗೆ ಬೇಕಾದದ್ದು ಪ್ರವೇಶದ ಟಿಕೆಟ್ಟು ಮತ್ತು ಒಳ್ಳೆಯ ಚಪ್ಪಲಿ.

ಈಗ ಸಬ್ಸಿಡಿ ವಿಚಾರಕ್ಕೆ ಬರ್ತೀನಿ, ನನಗೆ ನಿಜವಾಗಿ ಹೊಟ್ಟೆ ಉರಿಯೋದು ಇಲ್ಲೇ. ರಫ್ತಿನ ಮಾರುಕಟ್ಟೆ ಹುಡುಕಿಕೊಡೋಕೆ ಅಂತ ಕೇಂದ್ರ ವಾಣಿಜ್ಯ ಇಲಾಖೆಯ ಎಂ.ಎ.ಐ. ಯೋಜನೆ ಬಹಳ ವರ್ಷ ನಡೀತು. ಮೇಳ, ನಿಯೋಗ, ಖರೀದಿದಾರರ ಭೇಟಿ ಎಲ್ಲಾ ಅದರಲ್ಲಿತ್ತು. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ರಫ್ತು ಉತ್ತೇಜನ ಮಿಷನ್‌ಗೆ ಒಪ್ಪಿಗೆ ಕೊಟ್ಟು ಇಂಥ ಯೋಜನೆಗಳನ್ನು ಅದರೊಳಗೆ ತಂದಿದೆ. 2030-31ರ ವರೆಗೆ 25,060 ಕೋಟಿ ರೂಪಾಯಿ. ಎಲ್ಲವೂ ಮೇಳಕ್ಕಲ್ಲ, ಸಾಲದ ನೆರವೂ ಇದೆ, ಅದು ಒಳ್ಳೇದೇ. ನನ್ನ ತಕರಾರು ಮೇಳದ ಪಾಲಿನ ಬಗ್ಗೆ. ಈ ನಿಯೋಗಗಳು ಯಶಸ್ಸನ್ನು ಅಳೆಯೋದು ಹೇಗೆ? ಎಷ್ಟು ಕಂಪನಿ ಬಂದವು, ಎಷ್ಟು ಜನ ಸ್ಟಾಲ್ ಮುಂದೆ ಹಾದು ಹೋದರು, ಎಷ್ಟು ಎಂ.ಓ.ಯು. ಸಹಿ ಆಯ್ತು. ನಮ್ಮ ಪೆವಿಲಿಯನ್‌ನಲ್ಲೂ ಸಹಿ ಆಯ್ತು, ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಸ್ವಾಮಿ, ಎಂ.ಓ.ಯು. ಅಂದ್ರೆ ಜಾತಕ ಈಸ್ಕೊಂಡ ಹಾಗೆ, ಮದುವೆ ಆದ ಹಾಗಲ್ಲ. ಮದುವೆ ಅಂದ್ರೆ ಪರ್ಚೇಸ್ ಆರ್ಡರ್. ಮಗು ಅಂದ್ರೆ ಬ್ಯಾಂಕಿಗೆ ಬಂದ ದುಡ್ಡು. ಮೇಳ ಮುಗಿದು ಒಂದು ವರ್ಷ ಆದ ಮೇಲೆ ನಮ್ಮ ಸಂಘದವರು ಫೋನ್ ಮಾಡಿದ್ದರು. ಎಷ್ಟು ವ್ಯಾಪಾರ ಆಯ್ತು ಅಂತ ಕೇಳೋಕಲ್ಲ, ಮುಂದಿನ ಮೇಳಕ್ಕೆ ಬರ್ತೀರಾ ಅಂತ ಕೇಳೋಕೆ.

ಇದೇ ಹೊತ್ತಿನಲ್ಲಿ ಊರಲ್ಲಿ ಏನಾಗ್ತಿತ್ತು ಕೇಳಿ. ಒಂದು ಸರ್ಕಾರಿ ಇಲಾಖೆಗೆ ನಾವು ಕೆಲಸ ಮಾಡಿ ಕೊಟ್ಟು ಹದಿನಾಲ್ಕು ತಿಂಗಳಾಗಿತ್ತು, 6 ಲಕ್ಷ ಬಾಕಿ. 2006ರ ಎಂಎಸ್‌ಎಂಇ ಕಾಯ್ದೆ ಏನು ಹೇಳುತ್ತೆ? ಸಣ್ಣ ಕಂಪನಿಯ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ತಡ ಆದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಕಾಗದದ ಮೇಲೆ ಎಷ್ಟು ಚೆಂದ! ಇದು ಸಾಲದು ಅಂತ 2023ರ ಹಣಕಾಸು ಕಾಯ್ದೆಯಲ್ಲಿ ಇನ್ನೊಂದು ಬಿಗಿ ತಂದರು: ಸಮಯಕ್ಕೆ ದುಡ್ಡು ಕೊಡದ ಕಂಪನಿ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ, ಕೊಟ್ಟ ವರ್ಷವೇ ಕಳೀಬೇಕು. ಒಳ್ಳೆಯ ಉಪಾಯ. ಆದರೆ ಸರ್ಕಾರಿ ಇಲಾಖೆ ಆದಾಯ ತೆರಿಗೆಯನ್ನೇ ಕಟ್ಟೋದಿಲ್ಲವಲ್ಲ, ಅದಕ್ಕೆ ಈ ಬಿಗಿ ಎಲ್ಲಿ ತಾಗುತ್ತೆ? ದೂರು ಕೊಡಬಹುದಲ್ಲ ಅಂತೀರ. ಕೊಡಬಹುದು, ಅದಕ್ಕೆ ಮಂಡಳಿ ಇದೆ, 2017ರಲ್ಲಿ ಸಮಾಧಾನ್ ಅಂತ ಪೋರ್ಟಲ್ ಕೂಡ ಬಂತು. ಆದರೆ ಮುಂದಿನ ಟೆಂಡರ್ ಕೊಡುವವನ ಮೇಲೇ ದೂರು ಕೊಡುವ ಧೈರ್ಯ ಹನ್ನೆರಡು ಜನರ ಕಂಪನಿಗೆ ಎಲ್ಲಿಂದ ಬರಬೇಕು?

ಅಂದರೆ ಒಂದು ಕೈಯಲ್ಲಿ ನಮ್ಮ ಆರು ಲಕ್ಷ ಹಿಡ್ಕೊಂಡ ಸರ್ಕಾರ, ಇನ್ನೊಂದು ಕೈಯಲ್ಲಿ ಒಂದೆರಡು ಲಕ್ಷದ ಸಬ್ಸಿಡಿ ಕೊಟ್ಟು, ಹೋಗಪ್ಪಾ, ದುಬೈನಲ್ಲಿ ವ್ಯಾಪಾರ ಮಾಡ್ಕೊಂಡು ಬಾ ಅನ್ನುತ್ತೆ. ನಮ್ಮ ಬಾಕಿ ಕೊಟ್ಟಿದ್ದರೆ ಆ ಹುಡುಗಿ ಬಿಟ್ಟು ಹೋಗ್ತಿರಲಿಲ್ಲ.

ಬೆಂಗಳೂರಿನವರೇ ಎರಡು ಉದಾಹರಣೆ ನೋಡಿ. ಸಿಂಪ್ಯೂಟರ್ ನೆನಪಿದೆಯಾ? ನಮ್ಮ ಐಐಎಸ್‌ಸಿಯ ಪ್ರಾಧ್ಯಾಪಕರು, ಎನ್‌ಕೋರ್ ಕಂಪನಿಯವರು ಸೇರಿ ಮಾಡಿದ ಕೈಕಂಪ್ಯೂಟರ್. 2001ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನಕ ಅದನ್ನು ಹೊಗಳಿತ್ತು. ಪ್ರಪಂಚವೆಲ್ಲಾ ಕಾಣಿಸಿಕೊಂಡಿತು ಅಂದ್ರೂ ತಪ್ಪಿಲ್ಲ. ಮಾರುಕಟ್ಟೆಗೆ ಬಂದಿದ್ದು 2004ರಲ್ಲಿ, ಮಾರಾಟವಾಗಿದ್ದು ಕೆಲವೇ ಸಾವಿರ. ಒಳ್ಳೆಯ ಸಾಧನವೇ, ಆದರೆ ಊರಲ್ಲಿ ದೊಡ್ಡದಾಗಿ ಕೊಳ್ಳುವವರು ಬರಲಿಲ್ಲ. ಪ್ರಪಂಚದ ಚಪ್ಪಾಳೆ ಅದನ್ನು ಉಳಿಸಲಿಲ್ಲ. ಅದೇ 1986ರಲ್ಲಿ ಶುರುವಾದ ಟ್ಯಾಲಿ ನೋಡಿ. ಬೀದಿ ಬೀದಿಯ ಡೀಲರು, ಲೆಕ್ಕ ಬರೆಯುವವರು, ಆಡಿಟರು, ಟ್ಯಾಲಿ ಕಲಿಸುವ ಕ್ಲಾಸುಗಳು. ಚಿಕ್ಕಪೇಟೆಯ ಬಟ್ಟೆ ಅಂಗಡಿಯವನಿಗೆ ಬೇಕಾದ್ದು ಕೊಟ್ಟು ದೇಶವೆಲ್ಲಾ ಹಬ್ಬಿತು. ಈಗ ಗಲ್ಫ್ ದೇಶಗಳಲ್ಲೂ ಅದು ಓಡ್ತಾ ಇದೆ. ಹಿತ್ತಲ ಗಿಡವೇ ಅಲ್ಲಿಗೂ ಮದ್ದಾಯ್ತು!

ಹೊರದೇಶಕ್ಕೆ ಹೋಗಲೇಬಾರದಾ? ಹೋಗಿ, ಖಂಡಿತ ಹೋಗಿ. ಮೊದಲು ಆ ದೇಶದ ಕಾನೂನು ಓದಿ. ಅಲ್ಲೇ ಇರುವ ಒಬ್ಬ ನಂಬಿಕೆಯ ಡೀಲರನ್ನು ಹುಡುಕಿ. ಹತ್ತು ಜನಕ್ಕೆ ಮೊದಲೇ ಮೇಲ್ ಬರೆದು ಭೇಟಿಯ ಸಮಯ ಗೊತ್ತು ಮಾಡ್ಕೊಂಡು, ಒಬ್ಬನೇ ಒಬ್ಬನನ್ನು ಟಿಕೆಟ್ ಕೊಟ್ಟು ಕಳಿಸಿ. ಒಂದು ಒಂದೂವರೆ ಲಕ್ಷದಲ್ಲಿ ಮುಗಿಯುತ್ತೆ. ಅಲ್ಲಿ ನಿಮ್ಮದೊಂದು ಐದು ಗಿರಾಕಿ ಆದ ಮೇಲೆ, ನಿಮ್ಮ ಡೀಲರೇ ಅರ್ಧ ಖರ್ಚು ಹಾಕ್ತೀನಿ ಅಂದ ಮೇಲೆ ಸ್ಟಾಲಿನ ಮಾತು. ಕೈಗೆ ಮುಟ್ಟುವ ಸಾಧನ ಮಾಡುವವರ ಲೆಕ್ಕ ಬೇರೆ, ಅವರಿಗೆ ಮೇಳ ಬೇಕಾಗಬಹುದು. ನಾನು ಹೇಳ್ತಿರೋದು ಬರೀ ಸಾಫ್ಟ್‌ವೇರಿನವರಿಗೆ.

ಸರ್ಕಾರಕ್ಕೆ ನನ್ನ ಬೇಡಿಕೆ ಮೂರೇ. ಸ್ಟಾಲಿಗೆ ಕೊಡುವ ದುಡ್ಡನ್ನು ಅಲ್ಲಿನ ಲೈಸೆನ್ಸು, ಭದ್ರತೆಯ ಸರ್ಟಿಫಿಕೇಟು, ಭಾಷಾಂತರ, ಒಪ್ಪಂದ ನೋಡುವ ವಕೀಲರ ಫೀಸಿಗೆ ಕೊಡಿ. ಯಾವ ನಿಯೋಗವೇ ಹೋಗಲಿ, ಒಂದು ವರ್ಷದ ನಂತರ ಎಷ್ಟು ರೂಪಾಯಿ ನಿಜವಾಗಿ ಬಂತು ಅಂತ ಸಾರ್ವಜನಿಕವಾಗಿ ಪ್ರಕಟಿಸಿ. ಎಲ್ಲಕ್ಕಿಂತ ಮೊದಲು ನಿಮ್ಮದೇ ಇಲಾಖೆಗಳ ಬಾಕಿಯನ್ನು ನಿಮ್ಮದೇ ಕಾಯ್ದೆಯ 45 ದಿನದಲ್ಲಿ ಕೊಡಿ. ಮೂರನೆಯದೊಂದನ್ನು ಮಾಡಿದರೂ ಸಾಕು, ವಿಮಾನದ ಟಿಕೆಟ್ ನಾವೇ ಕೊಂಡ್ಕೋತೀವಿ.

ಸಣ್ಣ ಕಂಪನಿಯ ಮಾಲೀಕರೇ, ಮುಂದಿನ ಸಲ ಸಂಘದವರು ಬಣ್ಣದ ಬ್ರೋಷರ್ ಹಿಡ್ಕೊಂಡು ಬಂದಾಗ ಒಂದೇ ಪ್ರಶ್ನೆ ಕೇಳಿ: ಹೋದ ವರ್ಷ ನಿಮ್ಮ ಜತೆ ಬಂದವರಲ್ಲಿ ಎಷ್ಟು ಜನಕ್ಕೆ ದುಡ್ಡು ಬಂತು? ಎಂ.ಓ.ಯು. ಅಲ್ಲ, ದುಡ್ಡು. ಉತ್ತರ ಬಂದರೆ ನನಗೂ ತಿಳಿಸಿ. ನಿಮ್ಮಲ್ಲಿ ಯಾರಾದರೂ ಸ್ಟಾಲ್ ಹಾಕಿ, ಆರ್ಡರ್ ತಂದು, ಖರ್ಚು ಗಿಟ್ಟಿಸಿಕೊಂಡಿದ್ದರೆ ಲೆಕ್ಕ ಸಮೇತ ಬರೀರಿ, ಇದೇ ಜಾಗದಲ್ಲಿ ಹಾಕ್ತೀನಿ.

ಏನಂತೀರಾ?